ಹೂಡಿಕೆದಾರರ ಮುಂದೆ ಕಥೆ ಹೇಳಬೇಕೇ, ಲೆಕ್ಕ ಒಪ್ಪಿಸಬೇಕೇ?

ಚಾಲಿ ಅಂಗಳ, ಶಿರಸಿ:
ಚಾಲಿ ಅಡಿಕೆ (ಬೇಯಿಸದೆ ಒಣಗಿಸಿ ಸುಲಿಯುವ ಹಣ್ಣಡಿಕೆ) ಒಣಗಿಸುವ ಸೌರ ಡ್ರೈಯರನ್ನು ಗೆಳೆಯರಿಬ್ಬರು ಸೇರಿ ಸಿದ್ಧಪಡಿಸಿ, ಈ ಹಂಗಾಮಿನಲ್ಲಿ ಶಿರಸಿ, ಸಿದ್ದಾಪುರದ ಕೆಲವು ಬೆಳೆಗಾರರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೂಡಿಕೆದಾರರೆದುರು ಹತ್ತು ನಿಮಿಷ ಮಾತನಾಡಲು ಅವಕಾಶ ದೊರೆತಿದೆ. ಕಥೆಯಿಂದಲೇ ಆರಂಭಿಸಿ ಎಂದು ಕೆಲವರು, ಅಂಕಿಗಳನ್ನಷ್ಟೇ ಹೇಳಿ ಎಂದು ಕೆಲವರು ಸಲಹೆ ನೀಡುತ್ತಿದ್ದಾರೆ. ಸದ್ಯ ನಮ್ಮ ಮೊದಲ ಮೂರು ಸ್ಲೈಡುಗಳಲ್ಲಿ ಮಲೆನಾಡಿನ ಮಳೆ, ಅಜ್ಜನ ಕಾಲದ ತೋಟ ಮತ್ತು ನಾವು ನೌಕರಿ ಬಿಟ್ಟು ಊರಿಗೆ ಮರಳಿದ ಸಂಗತಿಗಳಿವೆ. ಹೀಗಿರುವುದು ಸರಿಯೇ?

ಘಟ್ಟದ ಮೇಲಿನವ, ಯಲ್ಲಾಪುರ:
ಆ ಮೂರನ್ನೂ ತೆಗೆದುಬಿಡಿ. ನೀವು ಊರಿಗೆ ಮರಳಿದ್ದರಿಂದ ಯಾರ ಅಡಿಕೆಯೂ ಒಣಗುವುದಿಲ್ಲ. ತಿಂಗಳಿಗೂ ಮೀರಿ ಬಿಸಿಲು ಕಾಣಬೇಕಾದ ಅಡಿಕೆಯ ಮೇಲೆ ಅಕಾಲದ ಮಳೆ ಬಿದ್ದು ಬೂಸ್ಟು ಹಿಡಿದರೆ, ಚಾಲಿಯ ದರ ಪಡೆಯಬೇಕಾಗಿದ್ದ ಮಾಲು ಕೆಳದರ್ಜೆಯ ಬಿಳಿಗೋಟಿನ ದರಕ್ಕೆ ಇಳಿಯುತ್ತದೆ. ನಿಮ್ಮ ಕಥೆ ಅಲ್ಲಿದೆ. ಒಬ್ಬ ಬೆಳೆಗಾರರ ಒಪ್ಪಿಗೆ ಪಡೆದು, ಅವರ ಕಳೆದ ವರ್ಷದ ಮತ್ತು ಈ ವರ್ಷದ ಮಾರಾಟದ ಪಟ್ಟಿಗಳನ್ನು ಅಕ್ಕಪಕ್ಕ ತೋರಿಸಿ.

ಆದರೆ ಕಥೆಯೊಂದರಿಂದಲೇ ಹಣ ಬಂದುಬಿಡುತ್ತದೆಂದು ನಂಬಬೇಡಿ. ಪ್ರವಾಸಿಗರಿಗೆ ಮನೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿಯ ಸ್ಥಾಪಕರ ಬಳಿ ಸೊಗಸಾದ ಕಥೆಯೇ ಇತ್ತು: 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿನ್ಯಾಸಕಾರರ ಸಮ್ಮೇಳನ ನಡೆದು ಹೋಟೆಲುಗಳು ಭರ್ತಿಯಾಗಿದ್ದಾಗ, ಅವರು ತಮ್ಮ ಮನೆಯಲ್ಲೇ ಗಾಳಿಹಾಸಿಗೆ ಹಾಸಿ ಅತಿಥಿಗಳನ್ನು ಉಳಿಸಿಕೊಂಡರು. ಹಾಗಿದ್ದರೂ 2008ರಲ್ಲಿ ಅವರು 1.5 ಲಕ್ಷ ಡಾಲರಿಗಾಗಿ ಸಂಪರ್ಕಿಸಿದ ಏಳು ಹೂಡಿಕೆದಾರರಲ್ಲಿ ಐವರು ನಿರಾಕರಿಸಿದರು, ಇಬ್ಬರು ಉತ್ತರಿಸಲೇ ಇಲ್ಲ. ಮಾರುಕಟ್ಟೆ ಸಾಕಷ್ಟು ದೊಡ್ಡದಾಗಿ ಕಾಣುತ್ತಿಲ್ಲವೆಂಬುದು ಆ ನಿರಾಕರಣೆಗಳಲ್ಲಿ ಒಂದಕ್ಕೆ ಕಾರಣವಾಗಿತ್ತು. ಅಡಿಕೆಯ ಹಂಗಾಮು ಮುಗಿದ ಮೇಲೆ ಡ್ರೈಯರ್ ಏನು ಮಾಡುತ್ತದೆ ಎಂಬ ಪ್ರಶ್ನೆ ನಿಮಗೂ ಬಂದೇ ಬರುತ್ತದೆ.

ಹವ್ಯಾಸಿ ಅರ್ಥಧಾರಿ, ಕುಮಟಾ:
ತಾಳಮದ್ದಳೆಯಲ್ಲಿ ಭಾಗವತರು ಹಾಡಿದ ಪದ್ಯವನ್ನು ಅರ್ಥಧಾರಿಯು ಎಷ್ಟು ಬೇಕಾದರೂ ವಿಸ್ತರಿಸಬಹುದು, ಎದುರಾಳಿಯನ್ನು ವಾದದಲ್ಲಿ ಕಟ್ಟಿಹಾಕಬಹುದು. ಆದರೆ ಪ್ರಸಂಗದಲ್ಲಿ ಸಂಧಾನ ಮುರಿಯುವುದೆಂದಿದ್ದರೆ ಅದನ್ನು ಕೂಡಿಸುವ ಅಧಿಕಾರ ಅವನಿಗಿಲ್ಲ. ನಿಮಗೆ ಅಂಕಿಗಳೇ ಪದ್ಯ. ಬೆಳೆಗಾರರ ಕಷ್ಟವನ್ನು ಹೇಳಿ, ಅದು ಕೇಳುವವರ ಮನಸ್ಸಿನಲ್ಲಿ ಪ್ರಶ್ನೆಯಾಗಿ ನಿಂತ ಕ್ಷಣದಲ್ಲೇ ಅಂಕಿಯನ್ನು ಇಡಿ. ಎಲ್ಲ ಅಂಕಿಗಳನ್ನೂ ಕೊನೆಯ ಸ್ಲೈಡಿಗೆ ತಳ್ಳಿದರೆ ಅಷ್ಟರಲ್ಲಿ ಸಭೆ ಎದ್ದಿರುತ್ತದೆ.

ಲೆಕ್ಕಿಗ, ಕಾರವಾರ:
ಯಲ್ಲಾಪುರದವರ ಸಲಹೆಯಲ್ಲಿ ಒಂದು ತಿದ್ದುಪಡಿ ಅಗತ್ಯ. ಅಡಿಕೆಯ ದರ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ, ಎರಡು ವರ್ಷಗಳ ಪಟ್ಟಿಗಳನ್ನು ಹೋಲಿಸಿದರೆ ಮಾರುಕಟ್ಟೆಯ ಏರಿಕೆಯೂ ಡ್ರೈಯರಿನ ಖಾತೆಗೆ ಜಮಾ ಆಗುತ್ತದೆ. ಒಂದೇ ತೋಟದ ಮಾಲನ್ನು ಅರ್ಧ ಅಂಗಳದಲ್ಲಿ, ಅರ್ಧ ಡ್ರೈಯರಿನಲ್ಲಿ ಒಣಗಿಸಿ, ಒಂದೇ ದಿನದ ಟೆಂಡರಿನಲ್ಲಿ ಬಂದ ದರಗಳನ್ನು ತೋರಿಸಿದರೆ ಮಾತ್ರ ಅದು ಪುರಾವೆಯಾಗುತ್ತದೆ.

ಆಗಿರುವುದನ್ನೂ ಆಗಬೇಕಾದುದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಕೆಲವೇ ಹನಿ ರಕ್ತದಿಂದ ಹಲವು ಪರೀಕ್ಷೆಗಳನ್ನು ನಡೆಸುತ್ತೇವೆಂದು ಹೇಳಿಕೊಂಡ ಥೆರಾನೋಸ್, ವಾಸ್ತವದಲ್ಲಿ ಅನೇಕ ಪರೀಕ್ಷೆಗಳನ್ನು ಬೇರೆ ಕಂಪನಿಗಳ ಯಂತ್ರಗಳಲ್ಲೇ ಮಾಡುತ್ತಿತ್ತು. ಹೂಡಿಕೆದಾರರನ್ನು ವಂಚಿಸಿದ ಅಪರಾಧ 2022ರ ಜನವರಿಯಲ್ಲಿ ಸಾಬೀತಾಗಿ, ಅದರ ಸ್ಥಾಪಕಿ ಎಲಿಜಬೆತ್ ಹೋಮ್ಸ್ ಅವರಿಗೆ ಅದೇ ವರ್ಷ 11 ವರ್ಷಕ್ಕೂ ಮೀರಿದ ಸೆರೆವಾಸ ವಿಧಿಸಲಾಯಿತು. ಅಷ್ಟು ದೂರ ಹೋಗುವವರು ವಿರಳವೆನ್ನಿ, ಆದರೆ ಬಾಯಿಮಾತಿನಲ್ಲಿ ಒಪ್ಪಿಕೊಂಡವರನ್ನು ಗ್ರಾಹಕರ ಪಟ್ಟಿಗೆ ಸೇರಿಸುವ ಉತ್ಸಾಹ ಎಲ್ಲರಲ್ಲೂ ಇರುತ್ತದೆ.

ಚಾಲಿ ಅಂಗಳ, ಶಿರಸಿ:
ಎಲ್ಲರಿಗೂ ಧನ್ಯವಾದಗಳು. ಒಂದೇ ದಿನದ ಟೆಂಡರಿನ ಹೋಲಿಕೆ ನಮ್ಮ ಬಳಿ ಒಬ್ಬ ಬೆಳೆಗಾರರದ್ದು ಮಾತ್ರ ಇದೆ. ಅದನ್ನೇ ಮೊದಲ ಸ್ಲೈಡಾಗಿಸಿ, ಒಬ್ಬರದ್ದೆಂದು ಅಲ್ಲೇ ಬರೆಯುತ್ತೇವೆ. ಚಾಲಿ ಮುಗಿದ ಮೇಲೆ ಮುರುಗಲಿನ (ಕೋಕಂ) ಸಿಪ್ಪೆಯನ್ನು ಒಣಗಿಸಿ ನೋಡುವ ಯೋಜನೆಯಿದ್ದು, ಅದನ್ನು ಯೋಜನೆಯೆಂದೇ ಹೇಳುತ್ತೇವೆ. ಕರಾವಳಿಯ ಒಣಮೀನನ್ನೂ ಮಾರುಕಟ್ಟೆಯ ಲೆಕ್ಕಕ್ಕೆ ಸೇರಿಸಿ ಎಂದು ಗೆಳೆಯ ಹಟ ಹಿಡಿದಿದ್ದಾನೆ. ಮೀನು ಒಣಗಿದ ಡ್ರೈಯರಿಗೆ ಅಡಿಕೆ ಹಾಕಲು ನಮ್ಮ ಕಡೆಯ ಯಾರೂ ಒಪ್ಪಲಾರರಾದ್ದರಿಂದ, ಆ ಸ್ಲೈಡನ್ನು ಕೈಬಿಟ್ಟಿದ್ದೇನೆ.