ಮಳೆಗಾಲದ ಕರೆಂಟಿಲ್ಲದ ದಿನಗಳಿಗೆ ಸಣ್ಣ ಸೋಲಾರ್: ಇರುವ ಇನ್ವರ್ಟರ್ ಬ್ಯಾಟರಿಗೇ ಪ್ಯಾನೆಲ್ ಜೋಡಿಸಬಹುದೇ?

ತೋಟದಮನೆ, ಶಿರಸಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟದ ಅಂಚಿನಲ್ಲಿರುವ ಹಂಚಿನ ಮನೆ. ಜೂನ್ ಕಳೆದ ಮೇಲೆ ತಂತಿಯ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟು ಬಾರದಿರುವುದು ನಮಗೆ ಹೊಸತಲ್ಲ. ನಾಲ್ಕು ವರ್ಷದ ಹಿಂದೆ ಕೊಂಡ ಇನ್ವರ್ಟರ್ ಇದೆ, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯೂ ಇದೆ. ಆದರೆ ಅದು ಮೊದಲ ದಿನವೇ ಬರಿದಾಗುತ್ತದೆ, ಮತ್ತೆ ತುಂಬಿಸಲು ಕರೆಂಟೇ ಇರುವುದಿಲ್ಲ. ನಮಗೆ ಬೇಕಾಗಿರುವುದು ಇಷ್ಟೇ: ಅಡುಗೆಮನೆ, ನಡುಮನೆ, ಜಗಲಿ, ಬಚ್ಚಲು, ಕೊಟ್ಟಿಗೆ ಎಂದು ಐದು ದೀಪ, ಎರಡು ಮೊಬೈಲ್, ವೈಫೈ ರೂಟರ್, ಸಾಧ್ಯವಾದರೆ ಮಗಳ ಲ್ಯಾಪ್‌ಟಾಪ್. ಪೇಟೆಯ ಅಂಗಡಿಯವರೊಬ್ಬರು ಸಬ್ಸಿಡಿ ಸಿಗುವ 3 ಕಿಲೋವಾಟ್‌ನ ಸೋಲಾರ್ ಹಾಕಿಸಿದರೆ ಎಲ್ಲ ತಾಪತ್ರಯವೂ ಮುಗಿಯುತ್ತದೆ ಎನ್ನುತ್ತಾರೆ. ಅಷ್ಟು ದೊಡ್ಡದು ನಿಜಕ್ಕೂ ಬೇಕೇ, ಅಥವಾ ಇರುವ ಬ್ಯಾಟರಿಗೇ ಒಂದೆರಡು ಪ್ಯಾನೆಲ್ ಜೋಡಿಸಿದರೆ ಸಾಕೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹಳೇಪ್ಯಾನೆಲ್, ಸಾಗರ:

ತೋಟದಮನೆಯವರೇ, ಮೊದಲು ಆ 3 ಕಿಲೋವಾಟ್‌ನ ಮಾತನ್ನು ಮುಗಿಸಿಬಿಡೋಣ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇರುವುದು ನಿಜ, ಆದರೆ ಅದು ವಿದ್ಯುತ್ ಜಾಲಕ್ಕೆ ಜೋಡಿಸುವ ವ್ಯವಸ್ಥೆಗೆ. ಲೈನಿನಲ್ಲಿ ಕರೆಂಟು ಹೋದೊಡನೆ, ತಂತಿ ರಿಪೇರಿ ಮಾಡುವ ಲೈನ್‌ಮನ್‌ಗೆ ಅಪಾಯವಾಗಬಾರದೆಂದು, ಅದರ ಇನ್ವರ್ಟರ್ ತಾನಾಗಿಯೇ ನಿಂತುಬಿಡುತ್ತದೆ. ಹೀಗಾಗಿ ನಡುಹಗಲಿನಲ್ಲಿ ಬಿಸಿಲಿದ್ದರೂ ನಿಮ್ಮ ಮನೆ ನೆರೆಮನೆಯಷ್ಟೇ ಕತ್ತಲಾಗಿರುತ್ತದೆ. ಬ್ಯಾಟರಿಯಿರುವ ಹೈಬ್ರಿಡ್ ಬಗೆಯೂ ಉಂಟು, ಅದರ ಖರ್ಚು ಬೇರೆಯೇ. ಬಿಲ್ ಉಳಿಸುವ ಲೆಕ್ಕವಂತೂ, ಗೃಹಜ್ಯೋತಿಯಲ್ಲಿ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತವಾಗಿ ಸಿಗುತ್ತಿರುವಾಗ, ನಿಮ್ಮಂಥ ಮನೆಗೆ ಅಷ್ಟಾಗಿ ಕೂಡಿಬರುವುದಿಲ್ಲ. ನಿಮ್ಮ ಪ್ರಶ್ನೆ ಕತ್ತಲೆಯದು, ಬಿಲ್ಲಿನದಲ್ಲ.

ಇನ್ನು ಬ್ಯಾಟರಿ ಮೊದಲ ದಿನವೇ ಏಕೆ ಬರಿದಾಗುತ್ತದೆ ಎಂಬುದನ್ನು ನೋಡೋಣ. ಸಾಮಾನ್ಯ ಮನೆ ಇನ್ವರ್ಟರ್ ಏನನ್ನೂ ಉರಿಸದೆ ಸುಮ್ಮನೆ ಚಾಲೂ ಇರುವುದಕ್ಕೇ 15ರಿಂದ 20 ವಾಟ್ ತಿನ್ನುತ್ತದೆ. ದಿನವಿಡೀ ಬಿಟ್ಟರೆ 400 ವಾಟ್-ಅವರ್‌ನ ಆಸುಪಾಸು ಅದರ ಹೊಟ್ಟೆಗೇ ಹೋಯಿತು. ನಿಮ್ಮ ಐದು ದೀಪಗಳು 5, 7, 9 ವಾಟ್‌ನ ಎಲ್‌ಇಡಿಗಳಾದರೆ, ಸಂಜೆಯಿಂದ ಮಲಗುವವರೆಗೆ ಬೇಕಾದಲ್ಲಿ ಮಾತ್ರ ಉರಿಸಿದಾಗ, ಒಟ್ಟು 100 ವಾಟ್-ಅವರ್ ದಾಟುವುದಿಲ್ಲ. ದೀಪಗಳಿಗಿಂತ ನಾಲ್ಕು ಪಟ್ಟು ಹೆಚ್ಚನ್ನು ದೀಪ ಉರಿಸುವ ಪೆಟ್ಟಿಗೆಯೇ ಕುಡಿಯುತ್ತದೆ ಎಂಬುದನ್ನು ನಾನೂ ಮೀಟರ್ ಹಿಡಿದು ನೋಡುವವರೆಗೆ ನಂಬಿರಲಿಲ್ಲ. ಫ್ಯಾನ್ ಹಾಕಿದ್ದರಂತೂ ಹೇಳುವುದೇ ಬೇಡ, ಹಳೆಯ ಸೀಲಿಂಗ್ ಫ್ಯಾನ್ ಒಂದೇ ಗಂಟೆಗೆ 70-75 ವಾಟ್-ಅವರ್ ಎಳೆಯುತ್ತದೆ.

ಆದ್ದರಿಂದ ಬ್ಯಾಟರಿಯನ್ನು ಉಳಿಸಿಕೊಳ್ಳಿ, ಕರೆಂಟು ಹೋದಾಗ ಇನ್ವರ್ಟರನ್ನು ಆರಿಸಿಬಿಡಿ. ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಡಿ.ಸಿ. ಲೈನ್ ಒಂದನ್ನು ಪ್ರತ್ಯೇಕವಾಗಿ ಎಳೆದು, 12 ವೋಲ್ಟ್‌ನ ಬಲ್ಬುಗಳನ್ನೇ ಹಾಕಿ. ರೂಟರ್ ಹೆಚ್ಚಿನವು 12 ವೋಲ್ಟ್‌ನವೇ ಆಗಿರುತ್ತವೆ, ಆದರೆ ಬ್ಯಾಟರಿಯ ವೋಲ್ಟೇಜ್ 11ರಿಂದ 14.4ರವರೆಗೆ ಏರಿಳಿಯುವುದರಿಂದ ನಡುವೆ 12 ವೋಲ್ಟನ್ನು ಸ್ಥಿರವಾಗಿ ಕೊಡುವ ಸಣ್ಣ ಕನ್ವರ್ಟರ್ ಇರಲಿ. ಮೊಬೈಲಿಗೆ ಕಾರಿನಲ್ಲಿ ಬಳಸುವ ಯುಎಸ್‌ಬಿ ಚಾರ್ಜರ್ ಸಾಕು, ಎರಡು ಮೊಬೈಲಿಗೆ ದಿನಕ್ಕೆ 50 ವಾಟ್-ಅವರ್ ಹಿಡಿಯಿರಿ. ರೂಟರ್ 10 ವಾಟ್ ಎಂದು ಕಂಡರೂ 12 ಗಂಟೆ ಬಿಟ್ಟರೆ ಐದೂ ದೀಪಗಳನ್ನು ಮೀರಿಸುತ್ತದೆ, ಆದ್ದರಿಂದ ಅದನ್ನು ನಾಲ್ಕು ಗಂಟೆಗೆ ಮಿತಿಗೊಳಿಸಿ. ಲ್ಯಾಪ್‌ಟಾಪ್ ಒಮ್ಮೆ ತುಂಬಲು 60 ಎನ್ನಿ. ಎಲ್ಲ ಸೇರಿ ದಿನಕ್ಕೆ 250.

150 ಆಂಪಿಯರ್-ಅವರ್ ಎಂದರೆ, 12 ವೋಲ್ಟ್‌ನಿಂದ ಗುಣಿಸಿದಾಗ, 1,800 ವಾಟ್-ಅವರ್, ಸೀಸದ ಬ್ಯಾಟರಿಯಾದ್ದರಿಂದ ಅರ್ಧಕ್ಕಿಂತ ಕೆಳಗಿಳಿಸದಿದ್ದರೆ ಕೈಗೆ ಸಿಗುವುದು 900. ನನ್ನ ಮನೆಯ ಎರಡು 100 ವಾಟ್ ಪ್ಯಾನೆಲ್‌ಗಳು ಮಾರ್ಚ್‌ನಲ್ಲಿ ದಿನಕ್ಕೆ 800 ವಾಟ್-ಅವರ್ ಕೊಡುತ್ತವೆ, ಜಡಿಮಳೆಯ ಜುಲೈನಲ್ಲಿ 100ರಿಂದ 150. ಅಂಗಡಿಯವರು ಹೇಳುವ ಲೆಕ್ಕವೆಲ್ಲ ಮಾರ್ಚ್‌ನದು, ನೀವು ಜುಲೈನದನ್ನೇ ಹಿಡಿಯಿರಿ. ಹಾಗೆ ಹಿಡಿದರೂ ದಿನಕ್ಕೆ ಬ್ಯಾಟರಿಯಿಂದ ಕರಗುವುದು 130ರಷ್ಟೇ ಆಗಿ ವಾರ ತಳ್ಳಬಹುದು. ನಿಮ್ಮ ಬ್ಯಾಟರಿಗೆ ನಾಲ್ಕು ವರ್ಷವಾಗಿರುವುದರಿಂದ ಅದರ ಅರ್ಧವೆಂದುಕೊಂಡರೂ ಮೂರು ದಿನಕ್ಕೆ ಮೋಸವಿಲ್ಲ. ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಮೇ ತಿಂಗಳಲ್ಲೇ ನೋಡಿಡಿ.

ಕಡಲತಡಿ, ಕುಮಟಾ:

ಹಿಂದಿನವರ ಲೆಕ್ಕ ಸರಿಯಾಗಿದೆ, ಆದರೆ ಒಂದೆರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾರೆ. 12 ವೋಲ್ಟ್ ಎಂದರೆ ಮುಟ್ಟಿದರೂ ಶಾಕ್ ಹೊಡೆಯದು ಎಂಬ ಧೈರ್ಯದಲ್ಲಿ ಜನರು ಫ್ಯೂಸ್ ಹಾಕುವುದಿಲ್ಲ. ಆದರೆ ಇಷ್ಟು ದೊಡ್ಡ ಬ್ಯಾಟರಿಯ ಎರಡು ತುದಿ ಆಕಸ್ಮಿಕವಾಗಿ ಕೂಡಿದರೆ ತಂತಿ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ನಿಮ್ಮದು ಮರದ ತೊಲೆ, ಅಟ್ಟಗಳಿರುವ ಮನೆಯಾಗಿರಬಹುದು. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಈ ಡಿ.ಸಿ. ಲೈನಿಗೆ 10 ಆಂಪಿಯರ್‌ನ ಫ್ಯೂಸ್ ಇರಲೇಬೇಕು. ದೀಪಗಳನ್ನು ಚಾರ್ಜ್ ಕಂಟ್ರೋಲರಿನ, ಎಂದರೆ ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಚಾರ್ಜನ್ನು ನಿಯಂತ್ರಿಸುವ ಪೆಟ್ಟಿಗೆಯ, ಲೋಡ್ ತುದಿಯಿಂದಲೇ ತೆಗೆದುಕೊಂಡರೆ ಬ್ಯಾಟರಿ ತೀರಾ ಇಳಿದಾಗ ಅದೇ ಕಡಿದುಹಾಕುತ್ತದೆ. ಹಳೆಯ ಎ.ಸಿ. ವೈರಿಂಗನ್ನೇ ಡಿ.ಸಿ.ಗೆ ಬಳಸುವ ಜಾಣತನ ಖಂಡಿತ ಬೇಡ, ಕರೆಂಟು ಮರಳಿದ ದಿನ ಅನಾಹುತವಾಗುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಯಾನೆಲ್‌ನ ತಂತಿಯನ್ನು ಕಂಟ್ರೋಲರಿನಿಂದ ಬಿಡಿಸಿಡುವುದು ನಮ್ಮ ಮನೆಯ ರೂಢಿ. ಅಮ್ಮ ತುಳಸಿಗೆ ದೀಪ ಹಚ್ಚಿ ಒಳಗೆ ಬರುವಾಗ ನೆನಪಿಸುತ್ತಾರೆ.

ತೋಟದಮನೆ, ಶಿರಸಿ ತಾಲ್ಲೂಕು:

ಇಬ್ಬರಿಗೂ ಧನ್ಯವಾದಗಳು. ಇನ್ವರ್ಟರ್ ಸುಮ್ಮನಿದ್ದೇ ಅಷ್ಟು ತಿನ್ನುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ತೊಡಕು ಉಳಿದಿದೆ. ಮನೆಯ ಮಾಡಿನ ಮೇಲೆ ಬೆಳಿಗ್ಗೆ ಹತ್ತು ಗಂಟೆಯವರೆಗೂ ಅಡಿಕೆ ಮರಗಳ ನೆರಳಿರುತ್ತದೆ. ನೆರಳಿಲ್ಲದ ಜಾಗವೆಂದರೆ ಕೊಟ್ಟಿಗೆಯ ಮಾಡು, ಅದು ಬ್ಯಾಟರಿಯಿಂದ ಸುಮಾರು 25 ಮೀಟರ್ ದೂರ. ಅಷ್ಟು ದೂರದಿಂದ ತಂತಿ ಎಳೆದರೆ ನಷ್ಟವಾಗುವುದಿಲ್ಲವೇ? ಪ್ಯಾನೆಲ್ ಯಾವ ದಿಕ್ಕಿಗೆ ಎಷ್ಟು ಓರೆಯಾಗಿರಬೇಕು?

ಹಳೇಪ್ಯಾನೆಲ್, ಸಾಗರ:

ಕೊಟ್ಟಿಗೆಯ ಮಾಡೇ ಸರಿ. ಪ್ಯಾನೆಲ್‌ನೊಳಗಿನ ಬಿಲ್ಲೆಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಸೋಗೆಯ ನೆರಳು ಮೂಲೆಯಲ್ಲಿ ಬಿದ್ದರೂ ಉತ್ಪಾದನೆ ಅರ್ಧಕ್ಕಿಳಿಯಬಹುದು, ತಂತಿಯ ನಷ್ಟ ಅಷ್ಟಿಲ್ಲ.

12 ವೋಲ್ಟ್‌ನ ಪ್ಯಾನೆಲ್ ನಿಜವಾಗಿ ಕೆಲಸ ಮಾಡುವುದು 18 ವೋಲ್ಟ್‌ನ ಆಸುಪಾಸಿನಲ್ಲಿ. ಎರಡನ್ನೂ ಸಮಾಂತರವಾಗಿ ಜೋಡಿಸಿದರೆ 11 ಆಂಪಿಯರ್ ಹರಿಯುತ್ತದೆ, 4 ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ ಹೋಗಿಬರುವ 50 ಮೀಟರ್‌ಗೆ ಎರಡೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಅವೇ ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 36 ವೋಲ್ಟ್, ಐದೂವರೆ ಆಂಪಿಯರ್. ಸೋರಿಕೆ ಸುಮಾರು ಒಂದೂಕಾಲು ವೋಲ್ಟ್, ಎಂದರೆ ನೂರಕ್ಕೆ ನಾಲ್ಕೂ ಅಲ್ಲ. ಆದರೆ ಆಗ ಕಂಟ್ರೋಲರ್ ಎಂಪಿಪಿಟಿ ಬಗೆಯದೇ ಬೇಕು, ಏಕೆಂದರೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಪರಿವರ್ತಿಸಲಾರದೆ ಅರ್ಧವನ್ನು ವ್ಯರ್ಥ ಮಾಡುತ್ತದೆ. ಲೋಡ್ ಇಲ್ಲದಾಗ ಎರಡೂ ಸೇರಿ 44 ವೋಲ್ಟ್‌ವರೆಗೆ ಏರುವುದರಿಂದ 75 ವೋಲ್ಟ್ ತಾಳುವಂಥದ್ದನ್ನು ಕೊಳ್ಳಿ. ಪೆಟ್ಟಿಗೆಯ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಒಳಗೆ ಪಿಡಬ್ಲ್ಯುಎಂ ಇಟ್ಟು ಮಾರುವವರೂ ಇದ್ದಾರೆ, ಅತಿ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ.

ದಿಕ್ಕು ದಕ್ಷಿಣ, ಓರೆ 15 ಡಿಗ್ರಿ. ಶಿರಸಿಯ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಜೂನ್‌ನ ನಡುಹಗಲಲ್ಲಿ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ ನಿಜ, ಆದರೆ ಮೋಡದ ಬೆಳಕು ಎಲ್ಲ ದಿಕ್ಕಿನಿಂದಲೂ ಬರುವುದರಿಂದ ಆ ಕಾಲಕ್ಕೆ ಅದು ಲೆಕ್ಕಕ್ಕಿಲ್ಲ, ಮೇಲೆ ಬಿದ್ದ ಎಲೆ, ಪಾಚಿ ಮಳೆನೀರಿಗೆ ಜಾರಿಹೋಗಲು ಆ ಓರೆ ಬೇಕೇ ಬೇಕು.

ನನ್ನ ಹೆಸರಿನ ಹಳೇಪ್ಯಾನೆಲ್ ತಮಾಷೆಯದಲ್ಲ. ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಆರಂಭವಾಗಿ, ಬ್ಯಾಂಕ್ ಸಾಲದ ಮೇಲೆ ಹಳ್ಳಿಮನೆಗಳಿಗೆ ಸೋಲಾರ್ ದೀಪ ಬರತೊಡಗಿದ ಮುಂದಿನ ವರ್ಷಗಳಲ್ಲಿ ನಮ್ಮ ತಂದೆಯವರು ಹಾಕಿಸಿದ 35 ವಾಟ್‌ನ ಪ್ಯಾನೆಲ್ ಇಂದಿಗೂ ಕೊಟ್ಟಿಗೆಯ ದೀಪ ಉರಿಸುತ್ತಿದೆ. ಈ ನಡುವೆ ಐದು ಬ್ಯಾಟರಿ ಬದಲಾದವು. ತಂತಿ ಕೊಳ್ಳುವ ಮೊದಲು ಆ 25 ಮೀಟರನ್ನು ಹಗ್ಗ ಹಿಡಿದು ಗೋಡೆಗುಂಟ ಅಳೆಯಿರಿ, ಹೆಜ್ಜೆಯಲ್ಲಿ ಅಳೆದಾಗ ನನಗೆ ಆರು ಮೀಟರ್ ಕಡಿಮೆ ಬಿದ್ದಿತ್ತು.