ನಗರದ ರಸ್ತೆಯಲ್ಲಿ ಪೈಪ್‌ಲೈನ್ ಅಗೆತ: ಟಿಪ್ಪರ್ ಲೆಕ್ಕ ಎಲ್ಲಿ ತಪ್ಪುತ್ತಿದೆ?

ರಾತ್ರಿಪಾಳಿ (ಪ್ರಶ್ನೆ)

600 ಮಿ.ಮೀ. ಹೊರವ್ಯಾಸದ ನೀರಿನ ಪೈಪ್. ಮೇಲೆ 1.5 ಮೀಟರ್ ಹೊದಿಕೆ, ಕೆಳಗೆ 150 ಮಿ.ಮೀ. ಮರಳಿನ ಹಾಸು. ಟ್ರೆಂಚ್ 1.2 ಮೀ. ಅಗಲ, 2.25 ಮೀ. ಆಳ. ಕೆಲಸ ರಾತ್ರಿ 10ರಿಂದ 5ರವರೆಗೆ, ಒಂದು ರಾತ್ರಿಗೆ 24 ಮೀಟರ್ ಗುರಿ. ರಸ್ತೆ ಪಕ್ಕ ಮಣ್ಣು ಹಾಕಲು ಜಾಗವಿಲ್ಲ, ಎಲ್ಲವೂ ಯಾರ್ಡಿಗೆ ಹೋಗಬೇಕು.

ಲೆಕ್ಕ ಹೀಗೆ ಹಾಕಿದ್ದೆವು: 24 × 1.2 × 2.25 ಅಂದರೆ ಸುಮಾರು 65 ಘನ ಮೀಟರ್. 10 ಘನ ಮೀಟರ್ ಟಿಪ್ಪರಿಗೆ 7 ಟ್ರಿಪ್. ಹೋಗಿ ಬರಲು 90 ನಿಮಿಷ, ಹಾಗಾಗಿ ಎರಡು ಟಿಪ್ಪರ್ ಸಾಕು. ಆದರೆ ನಡುರಾತ್ರಿಯ ಹೊತ್ತಿಗೆ ಅಗೆಯುವ ಯಂತ್ರ ಗಾಡಿಗಾಗಿ ಕಾಯುತ್ತಾ ನಿಲ್ಲುತ್ತದೆ, ಅಗೆತ ಅರ್ಧಕ್ಕೇ ನಿಲ್ಲುತ್ತದೆ. ಮುಂದೆ ಒಂದು ಕಾಲುವೆಯ ಕೆಳಗೆ 40 ಮೀಟರ್ ಎಚ್‌ಡಿಡಿ (ಮೇಲೆ ಅಗೆಯದೆ ನೆಲದಡಿಯಲ್ಲೇ ರಂಧ್ರ ಕೊರೆದು ಪೈಪ್ ಎಳೆಯುವ ವಿಧಾನ) ಕೂಡ ಇದೆ. ಅದರ ಕೆಸರನ್ನು ಏನು ಮಾಡಬೇಕು?

ಟ್ರಿಪ್‌ಶೀಟ್

ಸರ್, 65 ಅನ್ನುವುದು ನೆಲದಲ್ಲಿ ಕೂತ ಮಣ್ಣಿನ ಅಳತೆ. ಬಕೆಟ್ ಎತ್ತಿದ ಕೂಡಲೇ ಅದು ಉಬ್ಬುತ್ತದೆ. ಜೇಡಿ ಬೆರೆತ ಮಣ್ಣಿಗೆ 1.3 ಹಿಡಿಯಿರಿ, 84 ಘನ ಮೀಟರ್ ಆಯಿತು. ಇನ್ನು ಒದ್ದೆ ಜೇಡಿ ಸಡಿಲವಾಗಿದ್ದಾಗಲೂ ಘನ ಮೀಟರಿಗೆ 1.5 ಟನ್ ದಾಟುತ್ತದೆ. ಬಾಡಿ ತುಂಬುವ ಮೊದಲೇ ತೂಕದ ಮಿತಿ ಬಂದುಬಿಡುತ್ತದೆ, ಹಾಗಾಗಿ 10ರ ಗಾಡಿಗೆ 8 ಅಂತಲೇ ಲೆಕ್ಕ ಇಡಿ. 11 ಟ್ರಿಪ್.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಏಳು ಗಂಟೆಯ ಸರಾಸರಿ ಹಿಡಿದಿದ್ದೀರಿ. ಪೈಪ್ ಇಳಿಸಿ, ಜೋಡಿಸಿ, ಮುಚ್ಚಬೇಕಾದರೆ ಅಗೆತ ಮೊದಲ ನಾಲ್ಕು ಗಂಟೆಯಲ್ಲೇ ಮುಗಿಯಬೇಕು. ಅಂದರೆ ಗಂಟೆಗೆ 21 ಘನ ಮೀಟರ್, ಸುಮಾರು 23 ನಿಮಿಷಕ್ಕೊಂದು ಗಾಡಿ. 90ನ್ನು 23ರಿಂದ ಭಾಗಿಸಿದರೆ ನಾಲ್ಕು ಟಿಪ್ಪರ್. ಎರಡೇ ಗಾಡಿ ಆ ನಾಲ್ಕು ಗಂಟೆಯಲ್ಲಿ ಐದು ಟ್ರಿಪ್ ಹೊಡೆಯುತ್ತವೆ, 40 ಘನ ಮೀಟರ್. ನೀವು ಹೇಳಿದ "ಅರ್ಧ" ಇದೇ. ರಾತ್ರಿ ಎರಡಕ್ಕೆ ಅಗೆತ ಮುಗಿದ ನಂತರ ಎರಡು ಗಾಡಿ ಬಿಟ್ಟುಬಿಡಬಹುದು.

ಮರಳು ತರಲು ಬೇರೆ ಗಾಡಿ ಬೇಡ. ಹಾಸು, ಪೈಪಿನ ಸುತ್ತ, ಮೇಲೆ 300 ಮಿ.ಮೀ. ಎಲ್ಲ ಸೇರಿ ಸುಮಾರು 28 ಘನ ಮೀಟರ್ ಸಡಿಲ ಮರಳು ಬೇಕು. ಯಾರ್ಡಿನಿಂದ ಖಾಲಿ ಬರುವ ಗಾಡಿಯಲ್ಲೇ ತನ್ನಿ. ಆದರೆ ಬಾಡಿಯ ಮೂಲೆಯಲ್ಲಿ ಅಂಟಿದ ಜೇಡಿಯನ್ನು ಕೆರೆದು ತೆಗೆಯದೆ ಮರಳು ತುಂಬಬೇಡಿ. ಆ ಗಟ್ಟಿ ಉಂಡೆಗಳು ಪೈಪಿನ ಕೆಳಗೆ ಸೇರಿದರೆ ಅಲ್ಲಿ ಹಾಸು ಒಂದೇ ಸಮ ಕೂರುವುದಿಲ್ಲ.

ಟಿಪ್ಪರನ್ನು ಟ್ರೆಂಚಿನ ಪಕ್ಕ ನಿಲ್ಲಿಸಿ ತುಂಬಬೇಡಿ. ಮಣ್ಣಿನ ರಾಶಿಯನ್ನು ಅಂಚಿನಿಂದ 1.5 ಮೀ. ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಇಡಬೇಕು ಅಂತ ಎಲ್ಲರಿಗೂ ಗೊತ್ತು. ತುಂಬಿದ ಗಾಡಿ ಆ ರಾಶಿಗಿಂತ ಭಾರ ಅನ್ನುವುದು ಮಾತ್ರ ಮರೆತುಹೋಗುತ್ತದೆ. ಯಂತ್ರ ಹಿಂದೆ ಸರಿಯುತ್ತಾ ಅಗೆಯಲಿ, ಗಾಡಿ ಅದರ ಬೆನ್ನಿಗೆ, ಇನ್ನೂ ಅಗೆಯದ ರಸ್ತೆಯ ಮೇಲೆ ನಿಲ್ಲಲಿ. ಪ್ರತಿ ಬಕೆಟಿಗೂ ಅರ್ಧ ಸುತ್ತು ತಿರುಗಬೇಕು, ಸ್ವಲ್ಪ ನಿಧಾನ. ಪಕ್ಕದ ಗೋಡೆ ಕುಸಿಯುವುದಕ್ಕಿಂತ ಅದೇ ಮೇಲು.

ಮಣ್ಣುಪರೀಕ್ಷೆ

ಟ್ರಿಪ್ ಲೆಕ್ಕ ಸರಿ ಇದೆ. ಆದರೆ 84 ಘನ ಮೀಟರನ್ನೂ ಒಂದೇ ರಾಶಿ ಅಂತ ನೋಡಿದರೆ ನಷ್ಟ. ಮೇಲಿನ 450 ಮಿ.ಮೀ. ರಸ್ತೆಯ ಪದರ: ಡಾಂಬರನ್ನು ಕತ್ತರಿಸಿ ಬೇರೆ, ಕೆಳಗಿನ ಜಲ್ಲಿಯನ್ನು ಬೇರೆ ಎತ್ತಿ. ಎರಡೂ ಮತ್ತೆ ಬಳಕೆಗೆ ಬರುತ್ತವೆ, ಮಣ್ಣಿಗೆ ಬೆರೆತರೆ ಮಾತ್ರ ಯಾವುದಕ್ಕೂ ಬಾರದ ಕಸ. ಮರಳಿನ ಪದರಕ್ಕೂ ರಸ್ತೆಗೂ ನಡುವೆ ತುಂಬಲು ಮೀಟರಿಗೆ 0.9 ಘನ ಮೀಟರ್ ಮಣ್ಣು ಬೇಕು. ದಮ್ಮಸು ಮಾಡುವಾಗ ಕುಗ್ಗುವುದು ಸೇರಿಸಿ ಸುಮಾರು 1 ಅಂತಿಟ್ಟುಕೊಳ್ಳಿ. ರಾತ್ರಿಗೆ 24, ಸಡಿಲವಾಗಿ 31. ಅದು ಯಾರ್ಡಿಗೆ ಹೋಗಿ ವಾಪಸ್ ಬಂದರೆ ಎರಡೂ ಕಡೆ ನಾಲ್ಕು ನಾಲ್ಕು ಟ್ರಿಪ್ ಸುಮ್ಮನೆ. ಮುಂದೆ ಅಗೆದದ್ದನ್ನು ನೇರವಾಗಿ ಹಿಂದೆ ಪೈಪ್ ಹಾಕಿ ಮರಳು ಮುಚ್ಚಿದ ಭಾಗಕ್ಕೆ ಸುರಿಯಿರಿ.

ಮಣ್ಣು ಯೋಗ್ಯವೋ ಅಂತ ಅಲ್ಲೇ ನೋಡಬಹುದು. ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ ಎದೆಯೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಎರಡು ಮೂರು ತುಂಡಾದರೆ ತೇವ ಹದವಾಗಿದೆ. ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಜಾಸ್ತಿ. ಉಂಡೆಯೇ ಆಗದಿದ್ದರೆ ಒಣಗಿದೆ, ಅಥವಾ ಬರೀ ಮರಳು. ಎರೆಮಣ್ಣಾದರೆ ಪರೀಕ್ಷೆಯೇ ಬೇಡ, ಹೊರಗೆ ಕಳಿಸಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ರಸ್ತೆ ನಿಲ್ಲುವುದಿಲ್ಲ. ಈ ಉಂಡೆ ಪರೀಕ್ಷೆ ಬಕೆಟ್ ಮುಂದೆ ನಿಂತು ವಿಂಗಡಿಸಲು ಮಾತ್ರ. ಪ್ರಾಕ್ಟರ್ ಸಾಂದ್ರತೆಯ (ಲ್ಯಾಬಿನಲ್ಲಿ ದಮ್ಮಸು ಮಾಡಿ ಕಂಡ ಗರಿಷ್ಠ ಒಣ ಸಾಂದ್ರತೆ) 95% ಬಂತೇ ಅನ್ನುವುದನ್ನು ಪದರದ ಮೇಲೆ ಅಳೆದೇ ತಿಳಿಯಬೇಕು. ಒಂದು ಸಲಕ್ಕೆ 200 ಮಿ.ಮೀ. ಸಡಿಲ ಪದರಕ್ಕಿಂತ ಹೆಚ್ಚು ಬೇಡ.

ಮಣ್ಣು ಕಪ್ಪಾಗಿ ಪೆಟ್ರೋಲ್, ಡೀಸೆಲ್ ವಾಸನೆ ಬಂದರೆ ಅಗೆತ ನಿಲ್ಲಿಸಿ. ತೆಗೆದದ್ದನ್ನು ದಪ್ಪ ಪ್ಲಾಸ್ಟಿಕ್ ಹಾಳೆ ಮೇಲೆ ಹಾಕಿ ಮುಚ್ಚಿ, ಲ್ಯಾಬ್ ವರದಿ ಬರುವವರೆಗೆ ಬೇರೆ ರಾಶಿಗೆ ಸೇರಿಸಬೇಡಿ. ಒಂದು ಬಕೆಟ್ ಬೆರೆತರೆ ಇಡೀ ಲೋಡು ಕೆಡುತ್ತದೆ. ಹಳೆಯ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪ್ ಸಿಕ್ಕರೆ ಬಕೆಟ್ಟಿನಿಂದ ಒಡೆಯಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇದೆ. ನೀರು ಚಿಮುಕಿಸಿ, ಆದಷ್ಟು ಇಡಿಯಾಗಿ ಎತ್ತಿ, ಸುತ್ತಿ ಪ್ರತ್ಯೇಕ ಕಳಿಸಿ.

ರಾತ್ರಿಪಾಳಿ

ನಮ್ಮದು ಜೇಡಿ ಬೆರೆತ ಕೆಂಪುಮಣ್ಣು. ಮಳೆ ಬಂದ ಮರುದಿನ ಯಾರ್ಡಿನ ರಾಶಿ ಕೆಸರಾಗಿರುತ್ತದೆ. ಎಸೆಯಲೇಬೇಕೇ?

ಮಣ್ಣುಪರೀಕ್ಷೆ

ಎಸೆಯಬೇಡಿ. ಸಂಜೆ ರಾಶಿಗೆ ಇಳಿಜಾರು ಕೊಟ್ಟು, ಬಕೆಟ್ಟಿನ ಬೆನ್ನಿಂದ ತಟ್ಟಿ ನುಣುಪು ಮಾಡಿ, ಟಾರ್ಪಾಲು ಹೊದಿಸಿ. ಮೇಲೆ ಗುಂಡಿ ಇದ್ದರೆ ಅಲ್ಲಿ ನಿಂತ ನೀರೇ ಇಡೀ ರಾಶಿಗೆ ಇಳಿಯುತ್ತದೆ. ಆಗಲೇ ನೆನೆದಿದ್ದರೆ, ಒಣ ಮಣ್ಣಿನ ತೂಕದ 2–3% ಸುಟ್ಟ ಸುಣ್ಣ ಬೆರೆಸಿ ಒಂದು ರಾತ್ರಿ ಬಿಡಿ, ಜೇಡಿ ಪುಡಿಪುಡಿಯಾಗುತ್ತದೆ. ಬರೀ ಮರಳುಮಣ್ಣಿಗೆ ಈ ಗುಣ ಬರುವುದಿಲ್ಲ. ಸುಣ್ಣ ನೀರು ಕುಡಿದರೆ ಕಾಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕನ್ನಡಕ, ಗ್ಲೌಸ್ ಇಲ್ಲದೆ ಯಾರನ್ನೂ ಬಿಡಬೇಡಿ. ಗಾಳಿ ಇದ್ದ ದಿನ ಮನೆಗಳ ನಡುವೆ ಬೆರೆಸಬೇಡಿ.

ಬೆಂಟೊನೈಟ್

ಎಚ್‌ಡಿಡಿ ಬಗ್ಗೆ. 600ರ ಪೈಪಿಗೆ ರಂಧ್ರ ಸುಮಾರು 900 ಮಿ.ಮೀ. ಆಗಬೇಕು. 40 ಮೀಟರಿಗೆ 25 ಘನ ಮೀಟರ್ ಮಣ್ಣು. ಅದನ್ನು ಹೊರತರಲು ಎರಡು ಮೂರು ಪಟ್ಟು ದ್ರವ (ಬೆಂಟೊನೈಟ್ ಎಂಬ ಜೇಡಿ ಕಲಸಿದ ನೀರು) ಬೇಕು, ಜೇಡಿಗೆ ಇನ್ನೂ ಹೆಚ್ಚು. ಶೇಕರ್ ಜರಡಿ ಇಟ್ಟು ದ್ರವವನ್ನು ಮರುಬಳಕೆ ಮಾಡಿದರೆ ಟ್ಯಾಂಕರ್ ಟ್ರಿಪ್ ಬಹಳ ಇಳಿಯುತ್ತದೆ.

ಎಲ್ಲರೂ ಎಡವುವುದು ಪೈಪ್ ಎಳೆಯುವ ಹೊತ್ತಿನಲ್ಲಿ. ಬಾಯಿ ಮುಚ್ಚಿದ ಪೈಪ್ ಒಳಹೋದಂತೆ ತನ್ನ ಗಾತ್ರದಷ್ಟೇ ಸ್ಲರಿಯನ್ನು, ಅಂದರೆ ಮಣ್ಣು ಬೆರೆತ ಆ ದ್ರವವನ್ನು, ಹೊರತಳ್ಳುತ್ತದೆ, ನಿಮ್ಮಲ್ಲಿ 11 ಘನ ಮೀಟರ್. ಜೊತೆಗೆ ಎಳೆಯುವಾಗ ಪಂಪ್ ಮಾಡುವ ದ್ರವ. ರಂಧ್ರದ ಬಾಯಿಯಲ್ಲಿರುವ ಗುಂಡಿ ಆಗಲೇ ತುಂಬಿದ್ದರೆ ಅದು ರಸ್ತೆಗೆ ಹರಿದು ಸೀದಾ ಚರಂಡಿಗೆ ಇಳಿಯುತ್ತದೆ. ಎಳೆತ ಶುರುವಾಗುವ ಮುನ್ನ ಎರಡೂ ಬದಿಯ ಗುಂಡಿ ಖಾಲಿ ಮಾಡಿ, ಸಕ್ಷನ್ ಟ್ಯಾಂಕರ್ ಪಕ್ಕದಲ್ಲೇ ನಿಂತಿರಲಿ. ಹತ್ತಿರದ ಚರಂಡಿ ಬಾಯಿಗಳಿಗೆ ಮರಳುಚೀಲ ಇಡಿ. ಕಾಲುವೆ ನೀರಿನ ಮೇಲೆ ಒಬ್ಬರು ಕಣ್ಣಿಟ್ಟಿರಬೇಕು: ಬೂದುಬಣ್ಣದ ಮೋಡದಂತೆ ನೀರು ಕದಡಿದರೆ ದ್ರವ ಮೇಲಕ್ಕೆ ಸೀಳಿ ಬಂದಿದೆ, ತಕ್ಷಣ ಪಂಪ್ ನಿಲ್ಲಿಸಿ.

ಸ್ಲರಿಯನ್ನು ತೆರೆದ ಟಿಪ್ಪರಿಗೆ ಸುರಿಯುವ ಯೋಚನೆ ಬಿಡಿ. ಹಿಂಬಾಗಿಲ ಸಂದಿನಿಂದ ದಾರಿಯುದ್ದಕ್ಕೂ ಸೋರುತ್ತದೆ, ಬೈಕಿನವರು ಜಾರಿ ಬೀಳುತ್ತಾರೆ. ಬೆಂಟೊನೈಟ್ ತಾನಾಗಿ ತಳಕ್ಕೆ ಕೂರುವುದೂ ಇಲ್ಲ, ದಿನಗಟ್ಟಲೆ ಹಾಗೇ ತೇಲುತ್ತದೆ. ಒಣಮಣ್ಣು ಅಥವಾ ಸಿಮೆಂಟ್ ಬೆರೆಸಿ ಸಲಿಕೆಯಲ್ಲಿ ನಿಲ್ಲುವಷ್ಟು ಗಟ್ಟಿ ಮಾಡಿದ ಮೇಲೆಯೇ ಟಿಪ್ಪರ್.