ವಯಸ್ಸಾದ ಹೆಂಗಸರಿಗೆ ಮಹಾಪಧಮನಿಯ ತುರ್ತು ಶಸ್ತ್ರಚಿಕಿತ್ಸೆ ಏಕೆ ಸಿಗುವುದಿಲ್ಲ?

ಪ್ರಶ್ನೆ (ಸಿಂಧನೂರು)

74 ವರ್ಷದ ನಮ್ಮ ಅತ್ತೆಯವರಿಗೆ ಕಳೆದ ತಿಂಗಳು ರೊಟ್ಟಿ ಬಡಿಯುತ್ತಿದ್ದಾಗ ಎದೆಯಲ್ಲಿ ಶುರುವಾದ ನೋವು ಬೆನ್ನಿಗೆ ಇಳಿಯಿತು. ಗ್ಯಾಸ್ ಇರಬೇಕೆಂದು ನಿಂಬೆಹಣ್ಣಿನ ಸೋಡಾ ಕುಡಿಸಿ ಮಲಗಿಸಿದೆವು. ಆಸ್ಪತ್ರೆ ಸೇರುವಾಗ ಸಂಜೆಯಾಗಿತ್ತು. ಇಸಿಜಿ ಸರಿಯಿದೆಯೆಂದು ಅಲ್ಲಿಯೂ ಆಸಿಡಿಟಿಯ ಇಂಜೆಕ್ಷನ್ನನ್ನೇ ಕೊಟ್ಟರು. ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆ ಸೀಳಿದೆ ಎಂಬುದು ಮರುದಿನದ ಸಿಟಿ ಸ್ಕ್ಯಾನಿನಲ್ಲಿ ತಿಳಿಯಿತು. ಕಾರಿಡಾರಿನಲ್ಲಿ ನಿಂತಿದ್ದ ಮಾವನವರಿಗೆ "ಈ ವಯಸ್ಸಿನಲ್ಲಿ ಆಪರೇಷನ್ ತಡೆದುಕೊಳ್ಳಲಾರರು" ಎಂದರು, ಮಾವನವರು ತಲೆಯಾಡಿಸಿದರು. ಎರಡು ದಿನಕ್ಕೆ ಅತ್ತೆ ತೀರಿಕೊಂಡರು. ಇದೇ ಕಾಯಿಲೆ ಬಂದ ನಮ್ಮ ಓಣಿಯ 52 ವರ್ಷದ ಅಕ್ಕಿ ವ್ಯಾಪಾರಿಯನ್ನು ಅದೇ ರಾತ್ರಿ ಹೈದರಾಬಾದಿಗೆ ಕರೆದೊಯ್ದಿದ್ದರು. ಅವರು ಈಗ ಗಲ್ಲೆಯ ಮೇಲೆ ಕೂರುತ್ತಾರೆ. ವಯಸ್ಸು ಮತ್ತು ಹೆಣ್ಣೆಂಬುದು ಈ ತೀರ್ಮಾನದಲ್ಲಿ ನಿಜಕ್ಕೂ ಎಷ್ಟು ಭಾರ ತೂಗುತ್ತವೆ?

ಉತ್ತರ (ವೈದ್ಯ, ರಾಯಚೂರು)

ವಯಸ್ಸು ಬಹಳವೇ ತೂಗುತ್ತದೆ. ಈ ಕಾಯಿಲೆಯ ಅಂತರರಾಷ್ಟ್ರೀಯ ನೋಂದಣಿಯಿಂದ 550 ರೋಗಿಗಳ ವಿವರ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ 70 ದಾಟದವರಲ್ಲಿ ಶೇ. 86 ಮಂದಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ದಾಟಿದವರಲ್ಲಿ ಆದದ್ದು ಶೇ. 64 ಮಂದಿಗೆ. ಎರಡು ವರ್ಷ ಮೊದಲು ಅದೇ ನೋಂದಣಿ ತೋರಿಸಿದಂತೆ, ಹೃದಯದ ಸಮೀಪದ ಸೀಳಿಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 26, ಬರೀ ಔಷಧಿಯಲ್ಲಿ ಇಟ್ಟವರಲ್ಲಿ ಶೇ. 58. ಔಷಧಿಗೆ ಬಿಟ್ಟವರಲ್ಲಿ ಮೊದಲೇ ಹೆಚ್ಚು ಬಳಲಿದವರು ಇರುತ್ತಾರೆ ಎಂಬುದನ್ನು ಮರೆಯಬಾರದು. ಆದರೂ ಅಂತರ ಸಣ್ಣದಲ್ಲ.

ಹೆಣ್ಣೆಂಬ ವಿಷಯ ತುಸು ತೊಡಕಿನದು. ಅದೇ ನೋಂದಣಿಯ 2004ರ ವರದಿಯಲ್ಲಿ ಗಂಡಸರ ಸರಾಸರಿ ವಯಸ್ಸು 60, ಹೆಂಗಸರದು 67 ಇದ್ದುದರಿಂದ, ವಯಸ್ಸಿನ ಕಾರಣಕ್ಕೆ ಹಿಂದೆ ಉಳಿದವರಲ್ಲಿ ಹೆಂಗಸರು ತಾವಾಗಿಯೇ ಹೆಚ್ಚುತ್ತಾರೆ. ಇದಲ್ಲದೆ ಅವರು ಆಸ್ಪತ್ರೆಗೆ ಬರುವುದೂ ತಡ, ಕಾಯಿಲೆ ಪತ್ತೆಯಾಗುವುದೂ ತಡ. ಈ ಸೀಳಿನಲ್ಲಿ ಮೊದಲ ಎರಡು ದಿನ ಗಂಟೆಗೆ ಶೇ. 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆಂದು ನಮಗೆ ಕಲಿಸಿದ್ದರು. ನಿಮ್ಮ ಸೋಡಾದ ಮತ್ತು ಆಸಿಡಿಟಿ ಇಂಜೆಕ್ಷನ್ನಿನ ಗಂಟೆಗಳನ್ನು ಇದರಲ್ಲಿ ಲೆಕ್ಕ ಹಾಕಿ. ಇಸಿಜಿ ಸರಿಯಿದ್ದರೂ ನೋವು ಬೆನ್ನಿಗೆ ಹರಿದರೆ ಎರಡೂ ತೋಳುಗಳಲ್ಲಿ ಬಿಪಿ ನೋಡಬೇಕು, ಏಕೆಂದರೆ ಸೀಳು ಒಂದು ತೋಳಿನ ರಕ್ತನಾಳವನ್ನು ಒತ್ತಿದಾಗ ಎರಡು ಅಂಕಿಗಳು ದೂರ ದೂರ ಬರುತ್ತವೆ. ಪಟ್ಟಿಯನ್ನು ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟುವ ಒಂದು ನಿಮಿಷದ ಕೆಲಸವದು. ನಾನೂ ಪ್ರತಿ ಸಲ ಮಾಡುತ್ತಿರಲಿಲ್ಲ.

ಉತ್ತರ (ಗಂಗಾವತಿ)

ನಮ್ಮ ತಂದೆಯವರಿಗೆ 77ರಲ್ಲಿ ಇದೇ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ಆಯಿತು. ಎದೆಮೂಳೆ ಸೀಳಿ, ದೇಹವನ್ನು ತಣ್ಣಗಾಗಿಸಿ, ರಕ್ತಸಂಚಾರವನ್ನು ಕೆಲ ನಿಮಿಷ ನಿಲ್ಲಿಸಿ, ಹರಿದ ಭಾಗದ ಜಾಗಕ್ಕೆ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಪಾರ್ಶ್ವವಾಯು ಹೊಡೆಯಬಹುದೆಂದು ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಬಲಗೈ ಇಂದಿಗೂ ಪೂರ್ತಿ ಎತ್ತಲಾರರು, ಎಡಗೈಯಲ್ಲಿ ಉಣ್ಣುತ್ತಾರೆ. ಆದರೆ ಒಪ್ಪಿಗೆ ಕೊಟ್ಟವರು ಸ್ವತಃ ಅವರೇ. ಸರ್ಜನ್ ಮಂಚದ ಪಕ್ಕ ಕೂತು ಅವರನ್ನೇ ಕೇಳಿದ್ದರು. ನಿಮ್ಮ ಅತ್ತೆಯವರನ್ನು ಯಾರಾದರೂ ಕೇಳಿದ್ದರೇ?

ಪ್ರಶ್ನೆ ಕೇಳಿದವರು

ಇಲ್ಲ. ಅವರಿಗೆ ಪೂರ್ತಿ ಪ್ರಜ್ಞೆಯಿತ್ತು, ಮೊಮ್ಮಗನ ಪರೀಕ್ಷೆ ಹೇಗಾಯಿತೆಂದು ನನ್ನನ್ನು ವಿಚಾರಿಸಿದರು. ಗೋಡೆಯ ಆಚೆ ಏನು ತೀರ್ಮಾನವಾಯಿತೆಂದು ನಾವೂ ಹೇಳಲಿಲ್ಲ.

ಉತ್ತರ (ವೈದ್ಯ, ರಾಯಚೂರು)

ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಸ್ಕ್ಯಾನ್ ನೋಡದೆ ನಾನು ಹೇಳಲಾರೆ. ಮೂತ್ರಪಿಂಡ, ಮಿದುಳು, ಮೊದಲಿನ ನಡೆದಾಟ ಇವನ್ನೆಲ್ಲ ತೂಗಿದ ಮೇಲೆ ಬೇಡವೆನ್ನುವುದು ಬೇರೆ. ಕೇಸ್ ಪೇಪರಿನ ಮೇಲಿನ ವಯಸ್ಸನ್ನಷ್ಟೇ ನೋಡಿ ಬೇಡವೆನ್ನುವುದು ಬೇರೆ. ಮಹಾಪಧಮನಿಯ ದೌರ್ಬಲ್ಯ ಕೆಲವು ಮನೆತನಗಳಲ್ಲಿ ಸಾಗಿಬರುವುದರಿಂದ ಅವರ ಮಕ್ಕಳು ಒಮ್ಮೆ ಎಕೊ ಮಾಡಿಸಿಕೊಳ್ಳಲಿ.

ಪ್ರಶ್ನೆ ಕೇಳಿದವರು

ನಾದಿನಿಗೆ ನಾಲ್ಕು ವರ್ಷದಿಂದ ಬಿಪಿ ಇದೆ, ತಲೆ ನೋವು ಬಂದ ದಿನ ಮಾತ್ರ ಮಾತ್ರೆ ನುಂಗುತ್ತಾಳೆ. ಸೋಮವಾರ ಅವಳನ್ನು ರಾಯಚೂರಿಗೆ ಕರೆತರುತ್ತೇನೆ.